ಮೂರನೇ ಬಕೆಟ್ಟಿನ ಗೊದಮೊಟ್ಟೆಗಳು

ಹೋದ ಮಳೆಗಾಲದಲ್ಲಿ ಒಂದು ದಿನದ ಮಟ್ಟಿಗೆ ನಾನು ಜಗತ್ತಿನ ಜೀವಶಾಸ್ತ್ರವನ್ನು ತಲೆಕೆಳಗು ಮಾಡಿದ್ದೆ. ಜಗತ್ತಿಗೆ ಗೊತ್ತಾಗಲಿಲ್ಲ. ಗೊತ್ತಾಗುವಷ್ಟರಲ್ಲಿ ನಾನೇ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಬೇಕಾಗಿ ಬಂತು!

ನಾನು ಮಡಿಕೇರಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಕನ್ನಡಕದ ನಂಬರು ಏರಿ, ಮಂಡಿಯಲ್ಲಿ ನೋವು ಶುರುವಾದ ಮೇಲೆ ಪಿಎಚ್‌ಡಿ ಮಾಡುವ ಬುದ್ಧಿ ಬಂತು. ಮೈಸೂರಿನಲ್ಲಿರುವ ನನ್ನ ಗೈಡ್ ಮೇಡಂ ನನಗಿಂತ ಚಿಕ್ಕವರು. ಬಹಳ ಮರ್ಯಾದೆಯಿಂದಲೇ ಬೈಯುತ್ತಾರೆ. ಜುಲೈನಲ್ಲಿ ಫೋನ್ ಮಾಡಿ, "ಸುಮತಿಯವರೇ, ನಿಮ್ಮ ಅವಧಿ ಮುಗಿದಿದೆ. ಕಮಿಟಿಯವರು ಇನ್ನೊಂದು ವರ್ಷ ಕೊಡಬೇಕು ಅಂದ್ರೆ ಒಂದಾದರೂ ಫಲಿತಾಂಶ ತೋರಿಸಲೇಬೇಕು. ಇಲ್ಲ ಅಂದ್ರೆ ನೋಂದಣಿ ರದ್ದು. ನಾನೂ ಏನೂ ಮಾಡೋಕಾಗಲ್ಲ" ಎಂದರು. ಇಷ್ಟು ವರ್ಷ ಬೇಸಿಗೆ ರಜೆ, ದಸರಾ ರಜೆ, ನಾದಿನಿಯ ಮದುವೆ ಎಲ್ಲವನ್ನೂ ಬಲಿಕೊಟ್ಟು ಮಾಡಿದ ಕೆಲಸ! ರದ್ದಾದರೆ ನಾನು ಮುಖ ಎಲ್ಲಿಟ್ಟುಕೊಳ್ಳಲಿ?

ನನ್ನ ವಿಷಯ ಏನು ಅಂತ ಹೇಳಿಬಿಡುತ್ತೇನೆ, ಹೆದರಬೇಡಿ. ನಮ್ಮ ಮನೆ ಓನರ್ ಗಿರಿಜಕ್ಕನಿಗೆ ಹೇಳಿದ ಹಾಗೆಯೇ ಹೇಳುತ್ತೇನೆ. ಅವರು ಕೆಳಗಿನ ಮನೆಯಲ್ಲಿರುತ್ತಾರೆ, ನಾವು ಮೇಲೆ ಬಾಡಿಗೆಗೆ. ಅರೆಭಾಷೆಯವರು, ನಮ್ಮ ಜೊತೆ ಮಾತ್ರ ಕನ್ನಡ. ನಾನು ಬಕೆಟ್ಟುಗಳನ್ನು ಮೆಟ್ಟಿಲು ಹತ್ತಿಸುತ್ತಿದ್ದಾಗ ಅಡ್ಡ ನಿಂತು ಕೇಳಿದರು.

"ಎಂಥದ್ದು ಟೀಚರೇ ಇದು? ಮೀನಾ?"

"ಗೊದಮೊಟ್ಟೆ, ಗಿರಿಜಕ್ಕ. ಕಪ್ಪೆಮರಿ."

"ಅಯ್ಯೋ, ನಮ್ಮ ಗದ್ದೆಯಲ್ಲಿ ರಾಶಿ ಉಂಟಲ್ಲ! ಅದನ್ನು ಮನೆ ಒಳಗೆ ತಂದು ಎಂತ ಮಾಡ್ತೀರಿ?"

"ನೋಡಿ, ಗೊದಮೊಟ್ಟೆ ನೀರಲ್ಲೇ ಇರುತ್ತೆ, ಸೊಪ್ಪು ಪಾಚಿ ತಿನ್ನುತ್ತೆ. ಅದರ ಕರುಳು ಚಕ್ಕುಲಿ ತರ ಸುತ್ತಿಕೊಂಡಿರುತ್ತೆ. ಕಪ್ಪೆಯಾಗಿ ನೆಲಕ್ಕೆ ಬಂದಾಗ ಆ ಕರುಳು ಗಿಡ್ಡವಾಗಿ ಹೊಸದಾಗಿ ಕಟ್ಟಿಕೊಳ್ಳುತ್ತೆ. ಆಗ ಮೈಯ ಉಪ್ಪು ಪೋಲಾಗಬಾರದಲ್ಲ? ಅದಕ್ಕೆ ಕರುಳಿನ ಗೋಡೆಯಲ್ಲಿ ಉಪ್ಪು ಒಳಗೆ ಎಳೆದುಕೊಳ್ಳೋ ಸಣ್ಣ ಸಣ್ಣ ಬಾಗಿಲು ಬೇಕು. ಆ ಬಾಗಿಲು ಮಾಡೋಕೆ ಒಂದು ಜೀನ್ ಇದೆ. ಥೈರಾಯ್ಡ್ ಹಾರ್ಮೋನು ಬಂದು 'ಏಳು, ಕೆಲಸ ಶುರು ಮಾಡು' ಅಂದ್ರೆ ಆ ಜೀನ್ ಏಳುತ್ತೆ. ಏಳುತ್ತೋ ಇಲ್ಲವೋ ಅಂತ ನೋಡೋದೇ ನನ್ನ ಪಿಎಚ್‌ಡಿ."

ಗಿರಿಜಕ್ಕ ಗಂಭೀರವಾಗಿ ಯೋಚಿಸಿದರು. "ಕಪ್ಪೆ ಆಗೋದು ಹೇಗೂ ಆಗ್ತದಲ್ಲ ಟೀಚರೇ, ನೀವು ನೋಡಿದರೂ, ನೋಡದಿದ್ದರೂ?"

ಇಂಥ ಪ್ರಶ್ನೆಗೆ ಉತ್ತರ ಕೊಡುತ್ತಾ ಕೂತರೆ ಯಾರಿಗೂ ಪಿಎಚ್‌ಡಿ ಮಾಡಲಾಗುವುದಿಲ್ಲ. ನಾನು ಬಕೆಟ್ಟು ಎತ್ತಿಕೊಂಡು ಮೇಲೆ ಹೋದೆ.

ಬಕೆಟ್ಟು ಮನೆಗೆ ಯಾಕೆ ಬಂತು ಅಂದರೆ, ಮಳೆ. ಜಿಲ್ಲಾಧಿಕಾರಿಗಳು ಶಾಲಾ ಕಾಲೇಜುಗಳಿಗೆ ರಜೆ ಘೋಷಿಸಿದರು. ಮಾರನೇ ದಿನ ಮತ್ತೆ ಘೋಷಿಸಿದರು. ಮೂರನೇ ದಿನ ಕಾಲೇಜಿನ ಹಿಂದಿನ ಗುಡ್ಡದಿಂದ ಒಂದಿಷ್ಟು ಮಣ್ಣು ಜಾರಿತು, ಗೇಟಿಗೇ ಬೀಗ ಬಿತ್ತು. ನನ್ನ ಗೊದಮೊಟ್ಟೆಗಳಿಗೆ ರಜೆ ಎಲ್ಲಿಂದ ಬರಬೇಕು? ಪ್ರಿನ್ಸಿಪಾಲರನ್ನು ಕಾಡಿ ಬೇಡಿ ಮೂರು ನೀಲಿ ಬಕೆಟ್ಟು, ಬಣ್ಣದ ಬಾಟಲಿಗಳು, ಸೂಕ್ಷ್ಮದರ್ಶಕ ಎಲ್ಲವನ್ನೂ ಆಟೋದಲ್ಲಿ ಹಾಕಿಕೊಂಡು ಬಂದೆ. ನಮ್ಮ ಸ್ಟೋರ್ ರೂಮು ಪ್ರಯೋಗಾಲಯವಾಯಿತು. ಅಲ್ಲಿದ್ದ ಅಕ್ಕಿ ಮೂಟೆ, ತೆಂಗಿನಕಾಯಿ ಎಲ್ಲ ಹಾಲಿಗೆ ವರ್ಗವಾದವು.

ನಮ್ಮನೆಯವರು ಹೈಸ್ಕೂಲಿನ ಹೆಡ್‌ಮಾಸ್ಟರು, ಗಣಿತದವರು. ಅವರಿಗೂ ಮಳೆ ರಜೆ. ಗಣಿತದ ಮೇಷ್ಟ್ರು ರಜೆಯಲ್ಲಿ ಮನೆಯಲ್ಲಿ ಕೂತರೆ ಏನಾಗುತ್ತದೆ ಎಂದು ಅನುಭವಿಸಿದವರಿಗೇ ಗೊತ್ತು. ಅಡುಗೆಮನೆಗೆ ನುಗ್ಗಿದರು. ಡಬ್ಬಗಳನ್ನು ಎತ್ತರದ ಪ್ರಕಾರ ಜೋಡಿಸಿದರು. ಫ್ರಿಜ್ಜನ್ನೂ ಬಿಡಲಿಲ್ಲ.

"ರೀ, ಫ್ರಿಜ್ಜಲ್ಲಿ ಕೆಳಗಡೆ ಇರೋ ಸ್ಟೀಲ್ ಡಬ್ಬ ಮುಟ್ಟಬೇಡಿ. ಅದು ಗೊದಮೊಟ್ಟೆಗಳ ಊಟ, ಬೇಯಿಸಿದ ದಂಟಿನ ಸೊಪ್ಪು."

"ನಾನ್ಯಾಕೆ ಮುಟ್ಟಲಿ? ನನಗೆ ಬದುಕೋ ಆಸೆ ಇದೆ" ಎಂದರು. ಆಮೇಲೆ ಅದನ್ನು ಎತ್ತರದ ಪ್ರಕಾರ ಹಿಂದಕ್ಕೆ ಸರಿಸಿದರು. ಇದು ನನಗೆ ಬಹಳ ತಡವಾಗಿ ತಿಳಿದ ಸಂಗತಿ.

ಪ್ರಯೋಗದ ವ್ಯವಸ್ಥೆ ಸರಳ. ಮೊದಲನೇ ಬಕೆಟ್ಟಿನ ಗೊದಮೊಟ್ಟೆಗಳಿಗೆ ಹಾರ್ಮೋನು. ಎರಡನೆಯದಕ್ಕೆ ಬರೀ ನೀರು. ಮೂರನೆಯದಕ್ಕೂ ಬರೀ ನೀರು. ಕೊನೆಗೆ ಕರುಳು ತೆಗೆದು ವಿಶೇಷ ಬಣ್ಣ ಹಾಕಬೇಕು. ಜೀನ್ ಎದ್ದಿದ್ದರೆ ಕರುಳು ನೇರಳೆಯಾಗುತ್ತದೆ, ಮಲಗಿದ್ದರೆ ಬಿಳಿಚಿಕೊಂಡೇ ಇರುತ್ತದೆ. ಮೂರನೇ ಬಕೆಟ್ಟಿನವಕ್ಕೆ ಬೇಕೆಂದೇ ಜೀನನ್ನು ಹಿಡಿಯದ ಹುಸಿ ಬಣ್ಣ ಹಾಕುವುದು, ಅವು ಯಾವ ಕಾರಣಕ್ಕೂ ನೇರಳೆಯಾಗಬಾರದು. ಹಾಗೇನಾದರೂ ಆದರೆ ನಮ್ಮ ಕೈಚಳಕದಲ್ಲೇ ಎಡವಟ್ಟಿದೆ ಎಂದರ್ಥ. ಇದನ್ನು ಕಂಟ್ರೋಲ್ ಎನ್ನುತ್ತಾರೆ. ಪ್ರತಿ ವರ್ಷ ಮೊದಲ ವರ್ಷದ ಹುಡುಗರಿಗೆ ನಾನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸುತ್ತೇನೆ: ಕಂಟ್ರೋಲ್ ಇಲ್ಲದ ಪ್ರಯೋಗ ಪ್ರಯೋಗವೇ ಅಲ್ಲ!

ಅಷ್ಟರಲ್ಲಿ ಆಟಿ ಹದಿನೆಂಟು ಬಂತು. ಜುಲೈ ನಡುವಿನಿಂದ ಶುರುವಾಗುವ ಆಟಿ ತಿಂಗಳ ಹದಿನೆಂಟನೇ ದಿನಕ್ಕೆ ಮದ್ದುಸೊಪ್ಪು ಎಂಬ ಕಾಡುಗಿಡದಲ್ಲಿ ಹದಿನೆಂಟು ಬಗೆಯ ಔಷಧ ಸೇರಿಕೊಳ್ಳುತ್ತದೆ ಎಂದು ಇಲ್ಲಿನವರ ನಂಬಿಕೆ. ಸೊಪ್ಪನ್ನು ಬೇಯಿಸಿದರೆ ಕಡು ನೇರಳೆ ರಸ ಬಿಡುತ್ತದೆ, ಅದರಲ್ಲಿ ಪಾಯಸ ಮಾಡುತ್ತಾರೆ. ನಮ್ಮದು ಅರಕಲಗೂಡಿನಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿದ ಮನೆತನ, ನಮ್ಮಲ್ಲಿ ಈ ಪದ್ಧತಿ ಇಲ್ಲ. ಆ ವರ್ಷದ ಜೂನ್‌ನಲ್ಲಷ್ಟೇ ಮಡಿಕೇರಿಗೆ ಮನೆ ಬದಲಾಯಿಸಿದ್ದೆವು. ಗಿರಿಜಕ್ಕ ಹಿಂದಿನ ದಿನವೇ ಒಂದು ಸ್ಟೀಲ್ ಡಬ್ಬ ತುಂಬಾ ಬೇಯಿಸಿದ ಮದ್ದುಸೊಪ್ಪು, ರಸದ ಸಮೇತ, ನಮ್ಮನೆಯವರ ಕೈಗೆ ಕೊಟ್ಟು, "ನಾಳೆ ಪಾಯಸ ಮಾಡಿ ಸಾರ್, ಟೀಚರಿಗೂ ಕೊಡಿ, ಬರೀ ಓದಿ ಓದಿ ಬಡಕಲಾಗಿದ್ದಾರೆ" ಎಂದರಂತೆ. ನನ್ನನ್ನು ಬಡಕಲು ಎಂದವರು ಈ ಭೂಮಿಯ ಮೇಲೆ ಅವರೊಬ್ಬರೇ. ಅದಕ್ಕೇ ಅವರನ್ನು ಕಂಡರೆ ನನಗೆ ಪ್ರೀತಿ.

ಆ ದಿನ ಕರೆಂಟಿಲ್ಲ. ಹಿಂದಿನ ದಿನವೂ ಇರಲಿಲ್ಲ, ಮುಂದಿನ ದಿನವೂ ಬರಲಿಲ್ಲ. ಮಳೆ ಹೊಡೆತಕ್ಕೆ ಹಗಲಲ್ಲೂ ಅಡುಗೆಮನೆಯಲ್ಲಿ ಕತ್ತಲೆ. ಹದಿನೆಂಟರ ಬೆಳಿಗ್ಗೆ ನಾನು ಫ್ರಿಜ್ಜಿಗೆ ಕೈ ಹಾಕಿ ಡಬ್ಬ ತೆಗೆದು, ಎಂದಿನಂತೆ ಗೊದಮೊಟ್ಟೆಗಳಿಗೆ ಧಾರಾಳವಾಗಿ ಸೊಪ್ಪು ಬಡಿಸಿದೆ. ಎರಡನೇ ಮತ್ತು ಮೂರನೇ ಬಕೆಟ್ಟಿನವು ಮುಗಿಬಿದ್ದು ತಿಂದವು. ಮೊದಲನೇ ಬಕೆಟ್ಟಿನವು ಮುಟ್ಟಲಿಲ್ಲ. ಕಪ್ಪೆಯಾಗುವ ಹೊತ್ತಿನಲ್ಲಿ ಅವು ಊಟ ಬಿಡುತ್ತವೆ, ಸಹಜ.

ಹನ್ನೊಂದು ಗಂಟೆಗೆ ಅಡುಗೆಮನೆಯಿಂದ ಕೂಗು. "ಸುಮತೀ! ಗಿರಿಜಕ್ಕ ಕೊಟ್ಟ ಮದ್ದುಸೊಪ್ಪು ಎಲ್ಲಿ? ತಳದಲ್ಲಿ ಒಂದು ಸೌಟು ಇದೆ ಅಷ್ಟೆ!"

"ನನ್ನನ್ನೇನು ಕೇಳ್ತೀರಿ? ಚೆಲ್ಲಿರ್ತೀರಿ."

"ನಾನು ಚೆಲ್ಲಿದ್ರೆ ನೆಲ ನೇರಳೆ ಆಗ್ಬೇಕಿತ್ತು."

"ಹಾಗಾದ್ರೆ ಬೆಕ್ಕು."

"ಬೆಕ್ಕು ಫ್ರಿಜ್ ಬಾಗಿಲು ತೆಗೆದು, ಡಬ್ಬದ ಮುಚ್ಚಳ ತೆಗೆದು, ತಿಂದು, ಮತ್ತೆ ಮುಚ್ಚಿಟ್ಟು ಹೋಯ್ತಾ?"

"ಗಣಿತ ಮೇಷ್ಟ್ರು ನೀವು, ನೀವೇ ಲೆಕ್ಕ ಹಾಕಿ. ನನಗೆ ಕೆಲಸ ಇದೆ!" ಎಂದು ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡೆ. ಆ ದಿನ ನಮ್ಮ ಮನೆಯಲ್ಲಿ ಆಟಿ ಪಾಯಸ ಆಗಲಿಲ್ಲ. ಗಿರಿಜಕ್ಕನಿಗೆ ಹೇಗೆ ಹೇಳುವುದು ಎಂದು ನಮ್ಮನೆಯವರು ಎರಡು ದಿನ ಕೆಳಗೇ ಇಳಿಯಲಿಲ್ಲ.

ಅದೇ ಮಧ್ಯಾಹ್ನ ಗೈಡ್ ಮೇಡಂ ಮೆಸೇಜು: ಕಮಿಟಿ ಸಭೆ ಮುಂದಿನ ವಾರದ ಬದಲು ಇದೇ ವಾರ, ವಿಡಿಯೋ ಕಾಲ್‌ನಲ್ಲಿ. ಕರುಳು ತೆಗೆಯುವ ಮೊದಲು ಗೊದಮೊಟ್ಟೆಗಳನ್ನು ಒಂದು ದಿನ ಉಪವಾಸ ಇಡಬೇಕು, ಹೊಟ್ಟೆ ಖಾಲಿಯಾಗಬೇಕು. ಉಪವಾಸಕ್ಕೆಲ್ಲಿ ಸಮಯ? ಬಿಟ್ಟೆ. ಮೂರನೇ ಬಕೆಟ್ಟಿಗೆ ಹುಸಿ ಬಣ್ಣ ಹಾಕಲು ಇನ್ನೊಂದು ದಿನ ಬೇಕು. ಅದನ್ನೂ ಬಿಟ್ಟೆ. ಹುಸಿ ಬಣ್ಣ ಹಾಕಿದರೆ ಏನೂ ಕಾಣುವುದಿಲ್ಲ ಎಂದು ಗೊತ್ತೇ ಇದೆಯಲ್ಲ, ಗೊತ್ತಿದ್ದದ್ದನ್ನು ಮತ್ತೆ ಯಾಕೆ ನೋಡಬೇಕು? ನಮ್ಮ ಮೊದಲ ವರ್ಷದ ಹುಡುಗರು ಹೀಗೆ ಅಂದಿದ್ದರೆ ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ತೊಳೆಯುವುದು, ನೆನೆಸುವುದು, ಬಿಸಿನೀರಿನಲ್ಲಿಡುವುದು, ಮತ್ತೆ ತೊಳೆಯುವುದು. ಕರೆಂಟಿಲ್ಲದ್ದಕ್ಕೆ ಹಂಡೆ ಒಲೆಯ ನೀರು, ಜ್ವರದ ಥರ್ಮಾಮೀಟರು. ನಮ್ಮನೆಯವರು ಬಾಗಿಲಲ್ಲಿ ನಿಂತು, "ಬಾಣಂತನ ನಡೀತಿದೆಯೇನೇ?" ಎಂದರು. ನಾನು ನೋಡಿದ ನೋಟಕ್ಕೆ ಬಾಗಿಲಿಂದಲೇ ಮಾಯವಾದರು. ಆದರೂ ಹೋಗುತ್ತಾ ಹೇಳಿದರು, "ಫ್ರಿಜ್ಜಲ್ಲಿ ನಿನ್ನ ಗೊದಮೊಟ್ಟೆ ಸೊಪ್ಪು ಕೊಳೆತು ನಾರ್ತಾ ಇದೆ. ದಿನಾ ಹಾಕ್ತಿದ್ರೆ ಅಷ್ಟು ಹೇಗೆ ಉಳೀತು?"

ಬುದ್ಧಿ ಇದ್ದವಳಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. "ನಿಮ್ಮ ಮೂಗಿಗೆ ಎಲ್ಲವೂ ನಾರುತ್ತೆ!" ಎಂದೆ.

ಸಭೆಯ ಹಿಂದಿನ ಮಧ್ಯಾಹ್ನ ಕರುಳುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆ. ಹಾರ್ಮೋನು ಕೊಟ್ಟ ಗೊದಮೊಟ್ಟೆಗಳ ಕರುಳು ಬಿಳಿ. ಹಾರ್ಮೋನು ಕೊಡದವುಗಳ ಕರುಳು ನೇರಳೆ! ಕಣ್ಣು ಉಜ್ಜಿಕೊಂಡೆ. ಚೀಟಿ ಅದಲು ಬದಲಾಗಿದೆಯೇ ನೋಡಿದೆ. ಇಲ್ಲ! ಅಂದರೆ ಹಾರ್ಮೋನು ಜೀನನ್ನು ಎಬ್ಬಿಸುವುದಿಲ್ಲ, ಮಲಗಿಸುತ್ತದೆ! ನಾನು ನಿರೀಕ್ಷಿಸಿದ್ದಕ್ಕೆ, ಮೇಡಂ ನಿರೀಕ್ಷಿಸಿದ್ದಕ್ಕೆ, ಪುಸ್ತಕಗಳೆಲ್ಲ ಹೇಳಿದ್ದಕ್ಕೆ ಪೂರಾ ಉಲ್ಟಾ! ಮಂಡಿನೋವು ಮರೆತು ಕುಣಿದೆ. ಅಕ್ಕಿ ಮೂಟೆಗೆ ಕಾಲು ತಾಗಿ ಬಿದ್ದೆ. ಬಿದ್ದಲ್ಲಿಂದಲೇ ಮೇಡಂಗೆ ಫೋಟೋ ಕಳಿಸಿದೆ. ಅಣ್ಣನಿಗೆ, ಅತ್ತಿಗೆಗೆ, ಕಾಲೇಜಿನ ಗ್ರೂಪಿಗೆ ಕಳಿಸಿದೆ. ಮದುವೆ ತಪ್ಪಿಸಿಕೊಂಡದ್ದಕ್ಕೆ ಈಗ ಅರ್ಥ ಬಂತು ನೋಡು ಎಂದು ನಾದಿನಿಗೂ ಕಳಿಸಿದೆ. ಅವಳಿಂದ ಒಂದು ಹೆಬ್ಬೆರಳು ಬಂತು, ಅಷ್ಟೆ.

ಸುದ್ದಿ ಕೇಳಿ ಗಿರಿಜಕ್ಕ ಮೇಲೆ ಬಂದರು. ಪಾಯಸ ಮಾಡಲೇ ಇಲ್ಲ ಎಂಬ ಸಂಗತಿಯೂ ಹೊರಬಿತ್ತು. "ಅದಕ್ಕೆಂತ, ಆಟಿ ಮುಗಿದಿಲ್ಲವಲ್ಲ" ಎಂದು ಮತ್ತೊಂದು ಸ್ಟೀಲ್ ಡಬ್ಬ ತಂದರು. ರಾತ್ರಿ ನಮ್ಮನೆಯವರು ಅರ್ಧ ಸೊಪ್ಪಿನಲ್ಲಿ ಪಾಯಸ ಮಾಡಿದರು. ನೇರಳೆ ಬಣ್ಣ, ಏನೋ ಒಂದು ಘಮ, ಮೇಲೆ ತುಪ್ಪ. ನಾನು ಎರಡು ಬಟ್ಟಲು ತಿಂದೆ, ಅವರು ನಾಲ್ಕು. ಉಳಿದರ್ಧ ಸೊಪ್ಪು ಫ್ರಿಜ್ಜಿಗೆ ಹೋಯಿತು. ಎತ್ತರದ ಪ್ರಕಾರ, ಮುಂದಿನ ಸಾಲಿಗೆ.

ಬೆಳಿಗ್ಗೆ ಕತ್ತಲಲ್ಲೇ ಮೂರನೇ ಬಕೆಟ್ಟಿಗೆ ಸೊಪ್ಪು ಹಾಕಿ, ಒಳ್ಳೆಯ ಸೀರೆ ಉಟ್ಟು, ಲ್ಯಾಪ್‌ಟಾಪ್ ಮುಂದೆ ಕೂತೆ. ಆಗ ತಾನೇ ಕರೆಂಟು ಬಂದಿತ್ತು, ಶುಭಶಕುನ! ಪರದೆಯ ಮೇಲೆ ಗೈಡ್ ಮೇಡಂ, ಜೊತೆಗೆ ಕಮಿಟಿಯ ಹಿರಿಯ ಪ್ರೊಫೆಸರು ಒಬ್ಬರು, ಬಿಳಿ ಹುಬ್ಬಿನವರು. ನಾನು ಚಿತ್ರ ತೋರಿಸಿದೆ. ಇಬ್ಬರೂ ಮುಂದಕ್ಕೆ ಬಾಗಿದರು.

"ಇಂಟರೆಸ್ಟಿಂಗ್" ಎಂದರು ಪ್ರೊಫೆಸರು. "ಬಹಳ ಇಂಟರೆಸ್ಟಿಂಗ್. ಇದು ನಿಜ ಆದ್ರೆ ಒಂದು ವರ್ಷ ಏನು, ಎರಡು ವರ್ಷ ಕೊಡೋಣ. ಮೂರನೇ ಗುಂಪು ಎಲ್ಲಮ್ಮ? ಕಂಟ್ರೋಲ್?"

"ಅದು... ಸರ್, ಇನ್ನೂ ಬಕೆಟ್ಟಲ್ಲೇ ಇದೆ. ಬಣ್ಣ ಹಾಕೋಕೆ ಆಗಲಿಲ್ಲ. ಆರೋಗ್ಯವಾಗಿವೆ ಸರ್."

ಮೇಡಂ ಕಣ್ಣು ಮುಚ್ಚಿಕೊಂಡರು.

"ಆರೋಗ್ಯವಾಗಿದ್ರೆ ತೋರಿಸಿ ಒಂದನ್ನ" ಎಂದರು ಪ್ರೊಫೆಸರು.

ಓಡಿಹೋಗಿ ಒಂದು ಗಾಜಿನ ಲೋಟದಲ್ಲಿ ಒಂದು ಗೊದಮೊಟ್ಟೆ ಹಿಡಿದು ತಂದೆ. ಕ್ಯಾಮೆರಾ ಮುಂದೆ ಎತ್ತಿ ಹಿಡಿದೆ. ಅದು ಬಾಲ ಆಡಿಸಿ ಮೇಲಕ್ಕೆ ಈಜಿ, ತನ್ನ ತೆಳು ಹೊಟ್ಟೆಯನ್ನು ಕಮಿಟಿಗೆ ತೋರಿಸಿತು.

"ಇದಕ್ಕೂ ಬಣ್ಣ ಹಾಕಿದ್ದೀರಾ?"

"ಇಲ್ಲ ಸರ್. ಇದು ಜೀವಂತ."

"ಮತ್ತೆ ಇದರ ಕರುಳು ಯಾಕೆ ನೇರಳೆ ಇದೆ?"

ನಾನು ಲೋಟವನ್ನು ನನ್ನ ಕಡೆ ತಿರುಗಿಸಿ ನೋಡಿದೆ. ಸುರುಳಿ ಸುತ್ತಿದ ಕರುಳು, ಅಚ್ಚ ನೇರಳೆ! ಇಷ್ಟು ದಿನ ನೀಲಿ ಬಕೆಟ್ಟಿನಲ್ಲಿ ಮೇಲಿನಿಂದ ಅವುಗಳ ಕಪ್ಪು ಬೆನ್ನು ಮಾತ್ರ ನೋಡಿದ್ದೆ. ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಬಚ್ಚಲುಮನೆಯಿಂದ ಗಂಟಲು ಹರಿಯುವ ಹಾಗೆ ಒಂದು ಆರ್ತನಾದ.

"ಸುಮತೀ! ಕೆಂಪು! ಕೆಂಪಾಗಿ ಹೋಗ್ತಿದೆ ಕಣೇ! ನನ್ನ ಕಿಡ್ನಿ ಹೋಯ್ತು! ಆಂಬ್ಯುಲೆನ್ಸ್‌ಗೆ ಫೋನ್ ಮಾಡೇ!"

ಮೈಕು ಆನ್ ಇತ್ತು. ಪ್ರೊಫೆಸರ ಬಿಳಿ ಹುಬ್ಬು ಮೇಲೆ ಹೋಯಿತು. ನಾನು ಲೋಟ ಹಿಡಿದುಕೊಂಡೇ ಎದ್ದೆ, ಹೆಡ್‌ಫೋನಿನ ವಯರು ಎಳೆದು ಮತ್ತೆ ಕೂರಿಸಿತು. ಕೂಗು ಕೆಳಗಿನ ಮನೆಗೂ ಕೇಳಿ ಗಿರಿಜಕ್ಕ ಧಡಧಡ ಮೆಟ್ಟಿಲು ಹತ್ತಿ ಬಂದರು. "ಎಂತ ಆತ್?" ಅರೆಭಾಷೆಯೇ ಬಂದುಬಿಟ್ಟಿತ್ತು, ಗಾಬರಿಗೆ. ನಮ್ಮನೆಯವರು ಟವೆಲ್ ಸುತ್ತಿಕೊಂಡು ಬಿಳಿಚಿದ ಮುಖದಲ್ಲಿ ಹೊರಬಂದು ವಿಷಯ ಹೇಳಿದರು. ಗಿರಿಜಕ್ಕ ಒಂದು ಕ್ಷಣ ಅವರನ್ನು ನೋಡಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಗತೊಡಗಿದರು.

"ಕಿಡ್ನಿಗೆ ಎಂತದೂ ಆಗಲಿಲ್ಲ ಸಾರ್! ಮದ್ದುಸೊಪ್ಪು ತಿಂದರೆ ಮಾರನೇ ದಿನ ಎಲ್ಲರಿಗೂ ಹಾಗೇ! ಮದ್ದು ಮೈಗೆ ಹಿಡಿದದ್ದಕ್ಕೆ ಗುರುತು ಅದು. ತಿಂದವರ ಒಳಗೆಲ್ಲ ಅದೇ ಬಣ್ಣ!"

ತಿಂದವರ ಒಳಗೆಲ್ಲ ಅದೇ ಬಣ್ಣ. ನಾನು ಲೋಟ ನೋಡಿದೆ. ಗೊದಮೊಟ್ಟೆ ನನ್ನನ್ನು ನೋಡಿತು. ಎರಡು ಸ್ಟೀಲ್ ಡಬ್ಬಗಳು, ಕತ್ತಲ ಅಡುಗೆಮನೆ, ಕಾಣೆಯಾದ ಮದ್ದುಸೊಪ್ಪು, ಕೊಳೆತು ನಾರಿದ ದಂಟಿನ ಸೊಪ್ಪು, ಪಾಪದ ಬೆಕ್ಕು, ಎಲ್ಲ ಒಟ್ಟಿಗೆ ಬಂದು ನನ್ನ ತಲೆಯ ಮೇಲೆ ಬಿದ್ದವು.

"ಸುಮತಿಯವರೇ," ಎಂದರು ಗೈಡ್ ಮೇಡಂ, ಬಹಳ ಮೆಲ್ಲಗೆ, "ಗೊದಮೊಟ್ಟೆಗಳಿಗೆ ಏನು ತಿನ್ನಿಸಿದ್ರಿ?"

ಇಂಟರ್ನೆಟ್ ಹೋಯಿತು ಎಂದು ಲ್ಯಾಪ್‌ಟಾಪ್ ಮುಚ್ಚಿಬಿಡಬಹುದಿತ್ತು. ಮಡಿಕೇರಿ ಮಳೆಗೆ ಯಾರಾದರೂ ನಂಬುತ್ತಿದ್ದರು. ಆದರೆ ಗಿರಿಜಕ್ಕ ಆಗಲೇ ಹಿಂದಿನಿಂದ ಬಂದು ಲೋಟದೊಳಗೆ ಇಣುಕಿ, "ಅಯ್ಯೋ ಟೀಚರೇ, ಇದಕ್ಕೂ ಆಟಿ ಸೊಪ್ಪು ಕೊಟ್ಟಿದ್ದೀರಾ! ಒಳ್ಳೇದಾಯ್ತು ಬಿಡಿ!" ಎಂದುಬಿಟ್ಟಿದ್ದರು. ಮೈಸೂರಿಗೆಲ್ಲ ಕೇಳಿಸಿತು.

ಹೇಳಿದೆ. ಎಲ್ಲ ಹೇಳಿದೆ, ಡಬ್ಬದಿಂದ ಹಿಡಿದು ಉಪವಾಸದವರೆಗೆ. ನನ್ನ ಬಣ್ಣ ಕರೆಂಟಿಲ್ಲದೆ ಕೆಟ್ಟು, ಕೆಲಸವನ್ನೇ ಮಾಡಿರಲಿಲ್ಲ. ಹಾರ್ಮೋನು ಕೊಟ್ಟವು ಊಟ ಬಿಟ್ಟಿದ್ದವು, ಬಿಳಿ ಉಳಿದವು. ಕೊಡದವು ಹೊಟ್ಟೆ ತುಂಬಾ ತಿಂದಿದ್ದವು, ನೇರಳೆಯಾದವು. ಇಷ್ಟು ವರ್ಷ ಓದಿ, ಜೀನು, ಹಾರ್ಮೋನು ಎಂದು ಊರೆಲ್ಲ ಸಾರಿ, ಕೊನೆಗೆ ನಾನು ಕಂಡುಹಿಡಿದದ್ದು ಇಷ್ಟೆ: ಯಾರ ಊಟ ಆಯಿತು, ಯಾರ ಊಟ ಆಗಲಿಲ್ಲ!

ಹೇಳಿ ಮುಗಿಸುವಾಗ ನಿಜವಾಗಿ ಅಳು ಬಂತು. ಕೈಗೆ ಬಂದ ಪಿಎಚ್‌ಡಿ ಗೊದಮೊಟ್ಟೆಯ ಹೊಟ್ಟೆಗೆ ಹೋಯಿತಲ್ಲ ಎಂದು. ಪರದೆಯ ಮೇಲೆ ಮೇಡಂ ಮುಖಕ್ಕೆ ಕೈ ಅಡ್ಡ ಹಿಡಿದಿದ್ದರು, ಭುಜ ಮಾತ್ರ ಅಲುಗುತ್ತಿತ್ತು. ಪ್ರೊಫೆಸರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡರು.

"ನೋಡಮ್ಮ, ಕಂಟ್ರೋಲ್ ಬಿಟ್ಟಿದ್ದಕ್ಕೆ ನಿಮ್ಮನ್ನ ಫೇಲ್ ಮಾಡಬೇಕು. ಆದ್ರೆ ತೋರಿಸಿ ಅಂದಾಗ ಲೋಟ ತಂದು ತೋರಿಸಿದ್ರಿ. ಆರು ತಿಂಗಳು ಕೊಡೋಣ. ಒಂದು ಷರತ್ತು. ಪ್ರಯೋಗ ಕಾಲೇಜಲ್ಲೇ ಆಗಬೇಕು. ಅಡುಗೆಮನೆಯಿಂದ ಒಂದು ಎಲೆಯೂ ಬರಕೂಡದು."

"ಆಗಲಿ ಸರ್."

"ಮತ್ತೆ, ನಿಮ್ಮ ಯಜಮಾನ್ರು ಚೆನ್ನಾಗಿದ್ದಾರಾ?"

ಯಜಮಾನರು ಹಿಂದಿನಿಂದ ಟವೆಲಿನಲ್ಲೇ ಕೈ ಮುಗಿದರು.

ಆಮೇಲೆ ಅಣ್ಣನಿಗೆ, ಅತ್ತಿಗೆಗೆ, ಕಾಲೇಜಿನ ಗ್ರೂಪಿಗೆ ಒಬ್ಬೊಬ್ಬರಿಗೂ ಜೀವಶಾಸ್ತ್ರ ಮೊದಲಿದ್ದ ಹಾಗೇ ಇದೆ ಎಂದು ತಿಳಿಸಬೇಕಾಯಿತು. ನಾದಿನಿಗೆ ಮಾತ್ರ ಇವತ್ತಿನವರೆಗೂ ಹೇಳಿಲ್ಲ, ದಯವಿಟ್ಟು ನೀವೂ ಹೇಳಬೇಡಿ. ನಮ್ಮನೆಯವರು ಫ್ರಿಜ್ಜಿನ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿದ್ದಾರೆ: 'ಮನುಷ್ಯರಿಗೆ' ಎಂದು. ನನ್ನ ಡಬ್ಬಕ್ಕೆ ಫ್ರಿಜ್ಜಿನಲ್ಲಿ ಜಾಗವೇ ಇಲ್ಲ.

ಅವತ್ತು ಕಾಲ್ ಮುಗಿದು, ಗಿರಿಜಕ್ಕ ನಗುತ್ತಾ ಕೆಳಗಿಳಿದು ಹೋದ ಮೇಲೆ, ನಾನು ಸೀರೆ ಬದಲಾಯಿಸಿ, ಮುಖ ತೊಳೆಯಲು ಬಚ್ಚಲುಮನೆಗೆ ಹೋದೆ. ಹೇಗೂ ಹೋಗಿದ್ದೇನೆ ಎಂದು ಇನ್ನೊಂದು ಕೆಲಸವನ್ನೂ ಮುಗಿಸಿದೆ. ಹೊರಗೆ ಬಂದಾಗ ನಮ್ಮನೆಯವರು ಬಾಗಿಲಲ್ಲೇ ಕಾದು ನಿಂತಿದ್ದರು.

"ಏನಾಯ್ತು?"

"ಪಾಸಿಟಿವ್" ಎಂದೆ.

ಇಡೀ ಪಿಎಚ್‌ಡಿಯಲ್ಲಿ ಇದುವರೆಗೆ ನನಗೆ ಸರಿಯಾಗಿ ಬಂದ ಫಲಿತಾಂಶ ಅದೊಂದೇ!